ಕೊಯ್ತಾ ಬಿಚ್ಚಿ ತೂಗಿದ ದಿನ

ನನ್ನ ಸೇವಾ ಪುಸ್ತಕದಲ್ಲಿ ಒಂದೇ ಒಂದು ಮೆಮೋ ಇದೆ. "ಕರ್ತವ್ಯದಲ್ಲಿ ನಿರ್ಲಕ್ಷ್ಯ" ಎಂದು ಅದರಲ್ಲಿ ಬರೆದಿದೆ. ನಿವೃತ್ತಿಯ ದಿನ ಭಾಷಣ ಮಾಡಿದವರು ನನ್ನ ಬಡ್ತಿಗಳನ್ನೆಲ್ಲ ಒಂದೊಂದಾಗಿ ಓದಿದರು, ಮೆಮೋದ ಸುದ್ದಿ ಎತ್ತಲಿಲ್ಲ. ನನ್ನ ಮರ್ಯಾದೆ ಉಳಿಸಿದೆವು ಎಂದುಕೊಂಡಿರಬೇಕು. ನನಗೆ ಆ ಮರ್ಯಾದೆ ಬೇಕಿರಲಿಲ್ಲ. ಆರೋಗ್ಯದ ಸಮೀಕ್ಷೆ, ಸಂಶೋಧನೆ ಎಂದು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನಿಂದ ಕಲಿಯುವುದೇನಾದರೂ ಇದ್ದರೆ ಅದು ಆ ಮೆಮೋದಲ್ಲಿದೆ. ಬಡ್ತಿಗಳು ವಯಸ್ಸಾದಂತೆ ಎಲ್ಲರಿಗೂ ಬರುತ್ತವೆ.

ನಾನು ಮುಂಡಗೋಡ ತಾಲೂಕಿನ ಸನವಳ್ಳಿಯ ಒಕ್ಕಲು ಮನೆಯವಳು. ಮನೆಯಲ್ಲಿ ನೀಲವ್ವ, ಹಾಜರಿ ಪುಸ್ತಕದಲ್ಲಿ ನೀಲಾಬಾಯಿ. ನರ್ಸಿನ ತರಬೇತಿ ಮುಗಿಸಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ದಾಂಡೇಲಿಯ ಒಂದು ಕ್ಷಯರೋಗದ ಯೋಜನೆಗೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಕ್ಷಯ ಹತ್ತಿದವರನ್ನು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವ ಬದಲು ಮನೆಯಲ್ಲೇ ಗುಳಿಗೆ ಕೊಟ್ಟು ಗುಣಪಡಿಸಬಹುದೇ ಎಂದು ದೊಡ್ಡವರು ನೋಡುತ್ತಿದ್ದ ಕಾಲ. ನಮ್ಮ ಯೋಜನೆಯ ಪ್ರಶ್ನೆ ಅದಕ್ಕಿಂತ ಸಣ್ಣದು. ರೋಗಿಯ ಮನೆಗೆ ವಾರಕ್ಕೊಮ್ಮೆ ಹೋಗಿ ಗುಳಿಗೆ ಕೊಡಬೇಕೋ, ತಿಂಗಳಿಗೊಮ್ಮೆ ಕೊಟ್ಟು ಬಂದರೆ ಸಾಕೋ?

ವಾರಕ್ಕೊಮ್ಮೆ ಹೋಗುವ ಮನೆಗಳು ದಾಂಡೇಲಿಯ ಪೇಟೆಯಲ್ಲಿ, ಬಂಗೂರನಗರದಲ್ಲಿ ಇದ್ದವು. ತಿಂಗಳಿಗೊಮ್ಮೆ ಹೋಗುವವರು ಜೋಯಿಡಾ ಕಡೆಯ ಕಾಡಿನಲ್ಲಿ ಬಿದಿರು ಕಡಿಯುವ ಕ್ಯಾಂಪಿನಲ್ಲಿದ್ದರು. ಹಾಗೆ ವಿಂಗಡಿಸಿದ್ದಕ್ಕೆ ವೈದ್ಯಶಾಸ್ತ್ರದ ಕಾರಣವೇನೂ ಇರಲಿಲ್ಲ. ಡಾಂಬರು ರಸ್ತೆ ಪೇಟೆಯ ಅಂಚಿಗೆ ಮುಗಿಯುತ್ತಿತ್ತು, ಅಷ್ಟೇ.

ಅಳತೆಯೂ ಎರಡು ಬಗೆ. ಊರಿನ ರೋಗಿಗೆ ಎದೆಯ ಫೋಟೋ ಇತ್ತು, ಕಫದ ಪರೀಕ್ಷೆ ಇತ್ತು. ಕಾಡಿನವರ ಕಫದ ಡಬ್ಬಿಗಳು ಜೀಪಿನಲ್ಲಿ ಕುಲುಕಿ, ಬಿಸಿಲಿಗೆ ಬೆಂದು, ಪರೀಕ್ಷೆಯ ಮೇಜಿಗೆ ಮುಟ್ಟುವಷ್ಟರಲ್ಲಿ ಕೆಟ್ಟಿರುತ್ತಿದ್ದವು. ನನ್ನ ದಿನಚರಿಯಲ್ಲಿ ಒಂದು ದಿನದ ಲೆಕ್ಕ ಹೀಗಿದೆ: "ಡಬ್ಬಿ ಒಯ್ದದ್ದು ೧೭. ಸೋರಿದ್ದು ೬. ಮುಚ್ಚಳ ಕಳೆದದ್ದು ೩. ಉಪಯೋಗಕ್ಕೆ ಬಂದದ್ದು ೨." ಉಳಿದ ಆರು ಡಬ್ಬಿಗಳಲ್ಲಿ ಇದ್ದದ್ದು ಕಫವಲ್ಲ, ಎಂಜಲು. ಅದಕ್ಕೆ ಕಾರಣ ನಾನೇ. ಕೆಮ್ಮಿ ಎದೆಯಿಂದ ತೆಗೆಯಿರಿ ಎಂದು ಬಿಡಿಸಿ ಹೇಳಲು ನಾಚಿ, "ಇದರಾಗ ಉಗುಳ್ರಿ" ಎಂದಷ್ಟೇ ಹೇಳಿದ್ದೆ. ಹೇಳಿದಂತೆ ಮಾಡಿದ್ದರು.

ಹೀಗಾಗಿ ಕಾಡಿನವರಿಗೆ ಉಳಿದ ಅಳತೆ ತೂಕ ಒಂದೇ. ತೂಕ ಏರಿದರೆ ಗುಳಿಗೆ ಹತ್ತುತ್ತಿದೆ, ಇಳಿದರೆ ಇಲ್ಲ. ಆಗ ಇನ್ನೂ ಪೌಂಡಿನ ಕಾಟಾ. ಅದನ್ನು ಜೀಪಿನ ಹಿಂದೆ ಕಂಬಳಿ ಸುತ್ತಿ ಇಡುವುದು, ಇಳಿಸುವುದು, ಸಮತಟ್ಟಾದ ನೆಲ ಹುಡುಕಿ ಕೂರಿಸುವುದು, ನನ್ನ ತೂಕವನ್ನೇ ನೋಡಿ ಅದು ಸರಿಯಿದೆಯೇ ಎಂದು ಪರೀಕ್ಷಿಸುವುದು, ಎಲ್ಲ ನನ್ನ ಕೆಲಸ. ಡ್ರೈವರ್ ಇಮಾಮಸಾಬ ಹಳಿಯಾಳದವರು, ನನ್ನ ತಂದೆಯ ವಯಸ್ಸಿನವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. "ಬಾಯಾರ, ರೋಗಿಗೋಳ ತೂಕ ಏರತೈತೋ ಇಲ್ಲೋ ಗೊತ್ತಿಲ್ಲ, ನಿಮ್ಮ ಬುಕ್ಕಿಂದು ಮಾತ್ರ ಏರಾಕ ಹತ್ತೇತಿ ನೋಡ್ರಿ" ಎಂದು ನನ್ನ ದಿನಚರಿಯನ್ನು ಕೈಯಲ್ಲಿ ತೂಗಿ ತೋರಿಸುತ್ತಿದ್ದರು. ನಡೆದ ಮೈಲಿ, ಹೊಕ್ಕ ಮನೆ, ಖಾಲಿ ಬಂದ ಡಬ್ಬಿ, ಎಲ್ಲ ರಾತ್ರಿ ಮಲಗುವ ಮುಂಚೆ ಅದರಲ್ಲಿ ಬೀಳಲೇಬೇಕು. ಅದು ನನ್ನ ಚಟ.

ಕ್ಯಾಂಪಿನ ಜನ ಬೆಳಕು ಹರಿಯುತ್ತಲೇ ಬಿದಿರಿನ ಮೆಳೆಗಳಿಗೆ ಹೊರಟುಬಿಡುವರು. ಮೊದಲ ಸಲ ಎಲ್ಲರನ್ನೂ ಒಟ್ಟಿಗೆ ತೂಗಬೇಕಿತ್ತು. ನಾನು ಪಂಚಾಂಗ ನೋಡಿ ಖಂಡೇಪೂಜೆಯ ದಿನವನ್ನೇ ಆರಿಸಿಕೊಂಡೆ. ಆ ದಿನ ಕೊಯ್ತಾ, ಕೊಡಲಿ, ಕುಡುಗೋಲು ಎಲ್ಲ ತೊಳೆದು, ಕುಂಕುಮ ಹಚ್ಚಿ, ಪೂಜೆಗೆ ಇಟ್ಟುಬಿಡುತ್ತಾರೆ. ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ಕೆಲಸವಿಲ್ಲ, ಎಲ್ಲರೂ ಗುಡಿಸಲಲ್ಲೇ ಇರುತ್ತಾರೆ. ನನ್ನ ಲೆಕ್ಕ ಸರಿಯಾಯಿತು. ಹದಿನೇಳು ರೋಗಿಗಳಲ್ಲಿ ಹದಿನೇಳೂ ಸಿಕ್ಕರು. ನಮ್ಮ ಮೇಲಧಿಕಾರಿಯಾಗಿದ್ದ ವೈದ್ಯರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ನನ್ನ ಪಟ್ಟಿ ನೋಡಿ, "ಶಾಣ್ಯಾ ಇದ್ದೀರಿ ನೀಲಾಬಾಯಿ. ಇಷ್ಟು ಮಂದೀನ ಒಂದ ದಿನದಾಗ ಯಾರೂ ಹಿಡದಿಲ್ಲ" ಎಂದರು. ಆ ರಾತ್ರಿ ಆ ಹೊಗಳಿಕೆಯನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಹದಿನೇಳರಲ್ಲಿ ಒಬ್ಬಳು ದೇವಕ್ಕ. ಮಳಗಿ ಕಡೆಯವಳು, ಮೂವತ್ತರ ಆಸುಪಾಸು. ಗಂಡ ಕಡಿದು ಉರುಳಿಸಿದ ಬಿದಿರಿನ ಗಣ್ಣು ಸವರಿ ಹೊರೆ ಕಟ್ಟುವುದು ಅವಳ ಕೆಲಸ. ಆ ದಿನ ಅವಳ ತೂಕ ಎಪ್ಪತ್ತೆಂಟು ಪೌಂಡು. ಕಾಟಾದ ಮೇಲೆ ನಿಂತು, "ಎಷ್ಟ ಬಂತ್ರಿ ಬಾಯಾರ?" ಎಂದು ಕೇಳಿದಳು. ನಾನು ಬರೆಯುವ ಗಡಿಬಿಡಿಯಲ್ಲಿ, "ನಿನಗ ತಿಳಿಯೂದಿಲ್ಲ, ಇಳಿ" ಎಂದೆ.

ತಿಂಗಳ ಗುಳಿಗೆಯನ್ನು ಕಾಗದದ ಪೊಟ್ಟಣದಲ್ಲಿ ಕೊಟ್ಟೆವು. ಸಣ್ಣ ಬಿಳಿ ಗುಳಿಗೆ ಒಂದು ಬಗೆ. ಇನ್ನೊಂದು ದೊಡ್ಡದು, ಕಹಿ, ದಿನಕ್ಕೆ ಹಿಡಿತುಂಬ ನುಂಗಬೇಕು, ಹೊಟ್ಟೆ ತೊಳೆಸುತ್ತದೆ. ಊರಿನ ಮನೆಗಳಲ್ಲಿ ಅದನ್ನು ಬಿಟ್ಟವರನ್ನು ವಾರದೊಳಗೆ ಹಿಡಿಯುತ್ತಿದ್ದೆ. ಕ್ಯಾಂಪಿನಲ್ಲಿ ಹಿಡಿಯುವವರಿಲ್ಲ. ದೇವಕ್ಕ ತನ್ನ ಪೊಟ್ಟಣದಲ್ಲಿ ಅರ್ಧವನ್ನು ಕೆಮ್ಮುತ್ತಿದ್ದ ಅತ್ತೆಗೆ ಕೊಟ್ಟಿದ್ದಳು. ನಾನು ಬೈದಾಗ ಅವಳು, "ಒಂದ ಒಲಿ ಮುಂದ ಕುಂತು ನಾ ಒಬ್ಬಾಕಿ ಹೆಂಗ ತಿನ್ನಲ್ರಿ? ನಿಮ್ಮನ್ಯಾಗ ಹಂಗ ಮಾಡ್ತೀರೇನು?" ಎಂದಳು. ನಮ್ಮ ಮನೆಯಲ್ಲೂ ಹಾಗೆ ಮಾಡುತ್ತಿರಲಿಲ್ಲ.

ಆದರೆ ತೂಕ! ನವೆಂಬರಿನಲ್ಲಿ ಹೋಗಿ ತೂಗಿದರೆ ಹದಿನೇಳರಲ್ಲಿ ಹದಿನಾರು ಜನ ಏರಿದ್ದರು. ಒಬ್ಬರು ಎರಡು ಪೌಂಡು, ಒಬ್ಬರು ಮೂರು. ದೇವಕ್ಕ ಎರಡೂವರೆ ಏರಿ ಎಂಬತ್ತೂವರೆ ಆಗಿದ್ದಳು. ಡಿಸೆಂಬರಿನಲ್ಲಿ ಅಲ್ಲೇ ನಿಂತರು. ಜನವರಿಯಲ್ಲಿ ಕೊಂಚ ಕಡಿಮೆಯಾದರೂ ಪೂಜೆಯ ದಿನದ ತೂಕಕ್ಕಿಂತ ಹೆಚ್ಚೇ. ಊರಿನವರೂ ಏರಿದ್ದರು. ಸಾಹೇಬರು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ವರದಿ ಬರೆದರು: ತಿಂಗಳಿಗೊಮ್ಮೆ ಗುಳಿಗೆ ಮುಟ್ಟಿಸಿದರೂ ಸಾಕು, ಹಳಿಯಾಳ, ಮುಂಡಗೋಡ, ಜೋಯಿಡಾದ ಒಳ ಹಳ್ಳಿಗಳಿಗೆಲ್ಲ ಇದೇ ಕ್ರಮವನ್ನು ಜಾರಿಗೆ ತರಬಹುದು. ವರದಿ ಮೇಲಿನವರಿಗೆ ಹೋಯಿತು.

ನನಗೆ ಒಂದು ಮಾತು ಚುಚ್ಚುತ್ತಿತ್ತು. ದೇವಕ್ಕನ ಕೊರಳ ಎಲುಬು ತಿಂಗಳಿಂದ ತಿಂಗಳಿಗೆ ಎದ್ದು ಕಾಣುತ್ತಿತ್ತು. ಬಳೆ ಮೊಣಕೈತನಕ ಜಾರುತ್ತಿದ್ದವು. ಕಣ್ಣು ಒಂದು ಹೇಳುತ್ತಿತ್ತು, ಕಾಟಾ ಇನ್ನೊಂದು. ನಾನು ಕಾಟಾ ಹೇಳಿದ್ದನ್ನು ಬರೆದೆ. ಅಂಕಿಗೆ ಕರುಣೆ ಇಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದನ್ನು ನಂಬಿದ್ದೆ.

ಫೆಬ್ರವರಿಯ ಭೇಟಿ. ನಸುಕಿನಲ್ಲೇ ಕ್ಯಾಂಪಿಗೆ ಮುಟ್ಟಿದ್ದೆವು, ಜನ ಕೆಲಸಕ್ಕೆ ಹೊರಡುವ ಮೊದಲು ತೂಗಬೇಕಲ್ಲ. ಚಳಿ ಇತ್ತು, ಎಲ್ಲರೂ ಕಂಬಳಿ ಹೊದ್ದೇ ಸಾಲು ನಿಂತರು. ಕಂಬಳಿಯನ್ನು ತಪ್ಪದೆ ತೆಗೆಸುತ್ತಿದ್ದೆ. ಅಷ್ಟು ಜಾಣೆ ನಾನು. ದೇವಕ್ಕ ಕಾಟಾ ಹತ್ತಿದಳು. ಮುಳ್ಳು ಎಪ್ಪತ್ತಾರೂವರೆಗೆ ನಿಂತಿತು. ಹೋದ ತಿಂಗಳು ಎಂಬತ್ತು ಇದ್ದವಳು. ನನಗೆ ಸಿಟ್ಟು ಬಂತು.

"ಏನಬೇ, ಮೂರೂವರಿ ಪೌಂಡು ಇಳದೀ! ಗುಳಗಿ ಒಗದಿ ಹೌದಿಲ್ಲ? ಖರೇ ಹೇಳು."

"ಇಲ್ರೀ ಬಾಯಾರ, ತಿಂದೇನಿ."

"ಸುಳ್ಳ ಹೇಳಬ್ಯಾಡ. ಕಾಟಾ ಹೇಳತೈತಿ."

ಹಿಂದೆ ನಿಂತಿದ್ದ ಅವಳ ಅತ್ತೆ ನಕ್ಕುಬಿಟ್ಟಳು. ದೇವಕ್ಕನಿಗೂ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ತನ್ನ ನಡುವನ್ನು ತಟ್ಟಿಕೊಂಡು ಹೇಳಿದಳು:

"ಕಾಟಾಕ್ಕೇನ ಗೊತ್ರಿ? ನನ್ನ ಕೊಯ್ತಾ ಕಮ್ಮಾರನ ಕಡೆ ಹೋಗೈತಿ, ಬಾಯಿ ಹಿಡಸಾಕ. ಅದೂ ಸೇರಿ ತೂಗ್ತಿದ್ರಲ್ಲ ನೀವು, ಇವತ್ತ ನಾ ಒಬ್ಬಾಕಿನ ಬಂದೇನಿ."

ನಾನು ಸಾಲಿನ ಕಡೆ ತಿರುಗಿ ನೋಡಿದೆ. ಗಂಡಸರು, ಹೆಂಗಸರು, ಎಲ್ಲರ ಸೊಂಟದ ಹಿಂಬದಿಯ ಪಟ್ಟಿಯಲ್ಲಿ ಕೊಯ್ತಾ, ಬಿದಿರು ಕಡಿಯುವ ಆ ಬಾಗಿದ ಭಾರದ ಕತ್ತಿ, ಸಿಕ್ಕಿಕೊಂಡಿತ್ತು. ಎದ್ದೊಡನೆ ಸಿಕ್ಕಿಸಿಕೊಂಡರೆ ಮಲಗುವಾಗ ತೆಗೆಯುವುದು. ನಾಲ್ಕು ತಿಂಗಳಿಂದ ಅದು ನನ್ನ ಕಣ್ಣೆದುರಿಗೇ ಇತ್ತು. ಒಕ್ಕಲು ಮನೆಯಲ್ಲಿ ಹುಟ್ಟಿದ ನನಗೆ ನಡುವಿನ ಕತ್ತಿ ಕೈಬಳೆಯ ಹಾಗೆ. ಯಾರಾದರೂ ಬಳೆ ಬಿಚ್ಚಿಸಿ ತೂಗುತ್ತಾರೆಯೇ? ಹೊರಗಿನಿಂದ ಬಂದ ಯಾವ ನರ್ಸಾದರೂ ಮೊದಲ ದಿನವೇ ಬಿಚ್ಚಿಸುತ್ತಿದ್ದಳು. ಇಲ್ಲಿಯವಳಾದ್ದರಿಂದಲೇ ನನಗೆ ಕಾಣಲಿಲ್ಲ. ವರ್ಷದಲ್ಲಿ ಕೊಯ್ತಾ ಮೈಮೇಲೆ ಇರದ ಒಂದೇ ದಿನವನ್ನು ಪಂಚಾಂಗ ನೋಡಿ ಹುಡುಕಿ, ಮೊದಲ ತೂಕಕ್ಕೆ ಇಟ್ಟುಕೊಂಡಿದ್ದೆ.

"ಎಲ್ಲಾರೂ ಕೊಯ್ತಾ ಬಿಚ್ರಿ" ಎಂದೆ.

ಯಾರೂ ಅಲುಗಾಡಲಿಲ್ಲ. ನೆಲಕ್ಕಿಟ್ಟರೆ ಯಾರಾದರೂ ದಾಟುತ್ತಾರೆ, ದಾಟಿದ ಕೊಯ್ತಾ ಒಡೆಯನ ಕೈಯನ್ನೇ ಕಡಿಯುತ್ತದೆ ಎಂದು ಅವರ ನಂಬಿಕೆ. ಚಾಚಾ ಜೀಪಿನ ಹಗ್ಗ ತಂದು ಎರಡು ಮತ್ತಿಮರಗಳ ನಡುವೆ ಕಟ್ಟಿದರು. "ಬರ್ರಿ, ಇಲ್ಲಿ ತೂಗ ಹಾಕ್ರಿ. ಯಾರ ದಾಟ್ತಾರ ನೋಡ್ತೇನಿ. ದಾಟಾಕ ಒಂಟಿನ ಬರಬೇಕು!" ಜನ ನಕ್ಕರು, ಒಬ್ಬೊಬ್ಬರಾಗಿ ಬಿಚ್ಚಿದರು. ನಾನು ಎಲ್ಲರನ್ನೂ ಎರಡೆರಡು ಸಲ ತೂಗಿದೆ, ಕೊಯ್ತಾ ಇಲ್ಲದೆ, ಕೊಯ್ತಾ ಸಮೇತ. ಕೊಯ್ತಾಗಳನ್ನು ಬೇರೆಯಾಗಿಯೂ ತೂಗಿದೆ. ಆ ದಿನದ ದಿನಚರಿ: "ಕ್ಯಾಂಪಿನ ರೋಗಿಗಳು ೧೭. ತೂಗಿದ್ದು ೧೫. ನಿಜವಾಗಿ ಏರಿದವರು ೩. ಇದ್ದಲ್ಲೇ ಇದ್ದವರು ೪. ಇಳಿದವರು ೮. ತೀರಿದವರು ೨."

ತೀರಿದ ಇಬ್ಬರೂ ಜನವರಿಯ ಭೇಟಿಯ ನಂತರ ಹೋಗಿದ್ದರು. ಇಬ್ಬರ ಹೆಸರಿನ ಮುಂದೆಯೂ ಮೇಲೆ ಹೋದ ವರದಿಯಲ್ಲಿ "ತೂಕ ಏರಿದೆ" ಎಂದಿತ್ತು. ಬರೆದದ್ದು ನನ್ನ ಕೈ.

ಮರುದಿನ ಸಾಹೇಬರ ಮೇಜಿನ ಮೇಲೆ ಹೊಸ ಪಟ್ಟಿ ಇಟ್ಟೆ. ಅವರು ಕೆಟ್ಟವರಲ್ಲ. ಎರಡು ತಾಲೂಕಿಗೆ ಆಗುವಷ್ಟು ಕೆಲಸಕ್ಕೆ ಒಂದು ಜೀಪು ಕೊಟ್ಟು ಕೂರಿಸಿದ್ದರು ಅವರನ್ನು. ಪಟ್ಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ವರದಿ ಮ್ಯಾಲ ಹೋಗೇತಿ ನೀಲಾಬಾಯಿ. ಎರಡ ಪೌಂಡಿನ ಸಲುವಾಗಿ ಇಷ್ಟ ಗದ್ದಲ ಯಾಕ?"

"ಆ ಎರಡ ಪೌಂಡಿನ ಮ್ಯಾಲನ ತಿಂಗಳಿಗೊಮ್ಮೆ ಸಾಕು ಅಂತ ಬರದೀರಿ ಸರ್."

"ಹಂಗಾದ್ರ ಒಂದ ಕೆಲಸ ಮಾಡೂಣು. ಕಾಡಿನವರ ಅಂಕಿ ತಗದಬಿಡೂಣು. ಅಳತಿ ಸರಿ ಇಲ್ಲ ಅಂತ ಒಂದ ಸಾಲು ಬರದ್ರಾತು. ಊರಿನವರ ಅಂಕಿ ಚಂದ ಅದಾವು. ಅವಷ್ಟ ಸಾಕು."

ಈ ಮಾತನ್ನು ನಾನು ಮುಂದೆ ಮೂವತ್ತು ವರ್ಷ ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ಈಗ ಸೇರುವವರೂ ಕೇಳುತ್ತೀರಿ. ದೂರದವರನ್ನು ತಪ್ಪಾಗಿ ಅಳೆಯುತ್ತಾರೆ, ತಪ್ಪಾಗಿ ಅಳೆದಿದೆ ಎಂದು ಕೈಬಿಡುತ್ತಾರೆ, ಆಮೇಲೆ ಹತ್ತಿರದವರ ಅಂಕಿಯಿಂದ ದೂರದವರಿಗೂ ಮದ್ದು ಬರೆಯುತ್ತಾರೆ.

"ಅಂಕಿ ತಗದ್ರ ಮಂದೀನ ತಗದಂಗ ಸರ್. ಇಬ್ಬರು ಆಗಲೇ ಹೋಗ್ಯಾರ. ನಾ ಅದಕ್ಕ ಸಹಿ ಮಾಡೂದಿಲ್ಲ."

"ತಪ್ಪು ಯಾರದು ಅಂತ ಕೇಳ್ತಾರ. ನಿಮ್ಮ ನೌಕರಿ ಹೋದೀತು. ವಿಚಾರ ಮಾಡ್ರಿ. ಮನಿಗೆ ರೊಕ್ಕ ಕಳಸೂ ಮಗಳು ನೀವು."

"ತಪ್ಪು ನಂದ ಐತ್ರಿ. ನಾನ ಬರದ ಕೊಡ್ತೇನಿ."

ಬರೆದುಕೊಟ್ಟೆ. ಎರಡು ಪ್ರತಿ. ಒಂದನ್ನು ಅವರಿಗೆ ಕೊಟ್ಟೆ, ಒಂದನ್ನು ನನ್ನಲ್ಲೇ ಇಟ್ಟುಕೊಂಡೆ. ನನ್ನದನ್ನು ಇಟ್ಟುಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಮಾರ್ಚಿನಲ್ಲಿ ಮೇಲಿನಿಂದ ಹಿರಿಯ ವೈದ್ಯರೊಬ್ಬರು ಪರಿಶೀಲನೆಗೆ ಬಂದಾಗ ಅವರ ಮುಂದಿದ್ದ ಕಡತದಲ್ಲಿ ನಾನು ಸಾಹೇಬರಿಗೆ ಕೊಟ್ಟ ಪ್ರತಿ ಇರಲಿಲ್ಲ.

ಆ ಸಭೆಯಲ್ಲಿ ನನ್ನ ಜಾಗ ಬಾಗಿಲ ಹತ್ತಿರದ ಬೆಂಚು. ಕೇಳಿದಾಗ ರಿಜಿಸ್ಟರು ತೆಗೆದು ಕೊಡುವುದಷ್ಟೇ ಕೆಲಸ. ಸಾಹೇಬರು ವರದಿ ಓದುತ್ತ, "ಕಾಡಿನ ಪ್ರದೇಶದಲ್ಲಿಯೂ ತೃಪ್ತಿಕರ" ಎಂಬ ಸಾಲಿಗೆ ಬಂದಾಗ ನಾನು ಎದ್ದು ನಿಂತೆ.

"ಅದು ತೃಪ್ತಿಕರ ಅಲ್ರಿ. ಅದು ಕೊಯ್ತಾದ ತೂಕ."

ಹಿರಿಯರು, "ಏನಂದಿರಿ?" ಎಂದರು. ನನ್ನ ಪ್ರತಿಯನ್ನು ಅವರ ಮುಂದಿಟ್ಟೆ. ಓದಿ ಮುಗಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ. ಒಂದು ಕತ್ತಿ ಅಷ್ಟು ವ್ಯತ್ಯಾಸ ಮಾಡೀತೇ ಎಂದರು. ನಾನು ಹೊರಗೆ ಹೋಗಿ, ದಾರಿಗೆ ಬಿದ್ದ ಬಿದಿರು ಕಡಿಯಲೆಂದು ಚಾಚಾ ಜೀಪಿನಲ್ಲಿಡುತ್ತಿದ್ದ ಕೊಯ್ತಾ ತಂದೆ. ಕಾಟಾವನ್ನು ಕೋಣೆಯ ನಡುವೆ ಎಳೆದೆ. ಹಿರಿಯರು ಬೂಟು ಬಿಚ್ಚಿ ಹತ್ತಿದರು, ಇಳಿದು ಕೊಯ್ತಾ ಹಿಡಿದು ಮತ್ತೆ ಹತ್ತಿದರು. ಮುಳ್ಳನ್ನು ನೋಡಿ, "ಅರೇ, ಒಂದ ನಿಮಿಷದಾಗ ನಾನೂ ಗುಣ ಆದೆ!" ಎಂದರು. ಯಾರೋ ನಕ್ಕರು. ಅವರು ನಗಲಿಲ್ಲ.

"ಇದು ಯಾರ ತಪ್ಪು?" ಎಂದು ಕೇಳಿದರು.

"ನಂದ್ರಿ."

"ನೀವು ಹೇಳದಿದ್ರ ನಮಗ ಗೊತ್ತಾಗ್ತಿತ್ತೇನು?"

"ಇಲ್ರಿ."

"ಹಂಗಾದ್ರ ಯಾಕ ಹೇಳಿದ್ರಿ?"

ಅದಕ್ಕೆ ಒಳ್ಳೆಯ ಉತ್ತರ ಕೊಡಬೇಕಿತ್ತು. ಆ ಹೊತ್ತಿಗೆ ಬಾಯಿಗೆ ಬಂದದ್ದು ಇಷ್ಟೇ: "ದೇವಕ್ಕ ಇನ್ನೂ ಜೀವಂತ ಅದಾಳ್ರಿ. ತಿಂಗಳಿಗೊಮ್ಮೆ ಹೋದ್ರ ಉಳಿಯೂದಿಲ್ಲ."

ಹಿರಿಯರು ಪೆನ್ನು ತೆಗೆದು "ಸಾಕು" ಎಂಬ ಸಾಲಿನ ಮೇಲೆ ಗೀಟು ಎಳೆದರು. ಮಳೆಗಾಲ ಹತ್ತಿ ಕ್ಯಾಂಪು ಮುಚ್ಚುವ ತನಕ ಅಲ್ಲಿಗೂ ವಾರಕ್ಕೊಮ್ಮೆ ಹೋಗಬೇಕು, ತೀರಿದ ಇಬ್ಬರನ್ನು ತೀರಿದವರೆಂದೇ ತೋರಿಸಬೇಕು, ಕಾಡಿನ ಪಟ್ಟಿ ವರದಿಯಲ್ಲಿ ಉಳಿಯಬೇಕು ಎಂದರು. ಪೆಟ್ರೋಲು ಎಲ್ಲಿಂದ ಎಂದು ಸಾಹೇಬರು ಕೇಳಿದಾಗ, "ಇದನ್ನ ನೀವು ಆವಾಗನ ಕೇಳಬೇಕಿತ್ತು, ಗುಣ ಆದ್ರು ಅಂತ ಬರಿಯೂದಕ್ಕಿಂತ ಮೊದಲ" ಎಂದರು. ಸಂಜೆ ಹೊರಡುವ ಮುನ್ನ ನನ್ನ ಕಡೆ ತಿರುಗಿ, ತಪ್ಪಿಗೆ ಮೆಮೋ ಬರುತ್ತದೆ, ಅದನ್ನು ತಡೆಯಲು ತಮಗಾಗದು ಎಂದರು. ತಡೆಯಿರಿ ಎಂದು ನಾನು ಕೇಳಿರಲಿಲ್ಲ.

ಆ ವಾರಗಳ ಕೆಲಸ ಮೈ ಮುರಿಯುವಂಥದ್ದು. ಜೀಪು ಎರಡು ಸಲ ಕೆಟ್ಟಿತು. ಎರಡೂ ಸಲ ಚಾಚಾ ನನ್ನನ್ನು ದಾರಿಯಲ್ಲಿ ಇಳಿಸಿ, "ನೀವು ನಡೀರಿ ಬಾಯಾರ, ನಾನು ಇದರ ಕೆಮ್ಮು ನೋಡ್ತೇನಿ" ಎಂದರು. ಪೊಟ್ಟಣ ಹೊತ್ತು ನಡೆದೆ. ಕೆಲಸದ ರೀತಿಯನ್ನೇ ಬದಲಿಸಿದೆ. ಗುಳಿಗೆಗಳನ್ನು ತಗಡಿನ ಡಬ್ಬಿಯಲ್ಲಿ ಕೊಟ್ಟೆ. ದೇವಕ್ಕನ ಅತ್ತೆಯ ಹೆಸರನ್ನೂ ಪಟ್ಟಿಗೆ ಸೇರಿಸಿ ಅವಳ ಪಾಲನ್ನು ಬೇರೆ ಕೊಟ್ಟೆ, ಆಗ ಸೊಸೆಯ ಪಾಲು ಸೊಸೆಯ ಹೊಟ್ಟೆಗೆ ಹೋಯಿತು. ಕಹಿ ಗುಳಿಗೆಯನ್ನು ಅಂಬಲಿ ಕುಡಿದ ಮೇಲೆ ನುಂಗಿಸಿದೆ. ತೂಗಿದ ಮೇಲೆ ಪ್ರತಿಯೊಬ್ಬರಿಗೂ ಅವರ ತೂಕ ಹೇಳಿದೆ. ತಿಳಿಯುವುದಿಲ್ಲ ಎಂದ ನಾನೇ ಮೂರ್ಖಳು. ಎರಡನೇ ವಾರಕ್ಕೆ ಅವರೆಲ್ಲ ತಮ್ಮ ತಮ್ಮ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ನನ್ನ ರಿಜಿಸ್ಟರನ್ನೇ ತಪಾಸಣೆ ಮಾಡುತ್ತಿದ್ದರು.

ಎಲ್ಲರೂ ಉಳಿಯಲಿಲ್ಲ. ಏಪ್ರಿಲಿನಲ್ಲಿ ಇನ್ನೊಬ್ಬ ಮುದುಕ ಹೋದ. ಊರಿನ ಪಟ್ಟಿಯಲ್ಲಿ ಆ ವರ್ಷ ಒಂದೇ ಸಾವು. ರೋಗ ಅದೇ, ಗುಳಿಗೆ ಅದೇ.

ಜೂನಿನ ಮೊದಲ ವಾರ ಕ್ಯಾಂಪು ಮುರಿಯಿತು. ಜನ ಪಾತ್ರೆ ಪಗಡೆ ಹೊತ್ತು ತಮ್ಮ ಊರುಗಳ ದಾರಿ ಹಿಡಿದರು. ಸಾಹೇಬರು ರಿಜಿಸ್ಟರಿನಲ್ಲಿ ಅವರೆಲ್ಲರ ಮುಂದೆ "ಊರು ಬಿಟ್ಟರು" ಎಂದು ಬರೆದು ಮುಗಿಸಲು ಹೇಳಿದ್ದರು. ನಾನು ಇನ್ನೂ ಬರೆದಿರಲಿಲ್ಲ. ಬುಧವಾರ ಬೆಳಿಗ್ಗೆ, ದಾಂಡೇಲಿಯ ನಮ್ಮ ಚಿಕಿತ್ಸಾಲಯದಲ್ಲಿ ಊರಿನ ರೋಗಿಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದರು. ತಲೆಯ ಮೇಲೆ ಗಂಟು ಹೊತ್ತ ದೇವಕ್ಕ ಅತ್ತೆಯ ಕೈ ಹಿಡಿದು ಒಳಗೆ ಬಂದಳು. ಮಳಗಿಗೆ ಹೋಗುವ ದಾರಿ ಇದಲ್ಲ. ಸುತ್ತು ಹಾಕಿಕೊಂಡು ಬಂದಿದ್ದಳು.

ಬಾಗಿಲಲ್ಲಿದ್ದ ಜವಾನ ಅವಳನ್ನು ತಡೆದ. "ಏ, ಇದು ಇಲ್ಲಿ ಮಂದಿಗೆ. ನಿಮ್ಮ ಕಡೆ ಬಾಯಾರ ಬರ್ತಾರ, ಅಲ್ಲಿ ತೋರಿಸ್ಕೊ."

"ಕ್ಯಾಂಪ ಎಲ್ಲೈತಿ ಈಗ? ಮುಗೀತು. ನನ್ನ ಹೆಸರ ಆ ಬುಕ್ಕಿನ್ಯಾಗ ಐತಿ ಇಲ್ಲೋ, ಕೇಳು ಬಾಯಾರನ್ನ."

ಅವನು ನನ್ನ ಕಡೆ ನೋಡಿದ. ಸಾಹೇಬರೂ ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು.

"ಐತಿ" ಎಂದೆ.

ದೇವಕ್ಕ ಗಂಟನ್ನು ಅತ್ತೆಯ ಕಾಲ ಬಳಿ ಇಳಿಸಿ, ನಡುವಿನ ಕೊಯ್ತಾ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು. ಸಾಲಿನ ಕೊನೆಗೆ ಹೋಗಿ ನಿಂತಳು, ತನ್ನ ಸರದಿ ಬರುವ ತನಕ ನಿಂತಳು. ಆಮೇಲೆ ಕಾಟಾ ಹತ್ತಿ, ಕೈ ಎರಡೂ ಬಿಟ್ಟು, ನೇರ ನಿಂತಳು. ಮುಳ್ಳು ಅಲ್ಲಾಡಿ ನಿಂತಿತು. ನಾನು ಬರೆಯಲು ಬಗ್ಗಿದೆ.

"ಬರಿಯೂದು ಆಮ್ಯಾಲ ಆಗ್ಲಿ. ಮೊದಲ ಹೇಳ್ರಿ ಬಾಯಾರ, ಎಷ್ಟ ಬಂತು?"

"ಎಂಬತ್ಮೂರು" ಎಂದೆ.

"ಜೋರಾಗಿ ಹೇಳ್ರಿ. ಆ ಸಾಹೇಬರಿಗೂ ಕೇಳ್ಲಿ."

ನಾನು ತಲೆಯೆತ್ತಿ, ಒಳಕೋಣೆಗೆ ಮುಟ್ಟುವಂತೆ ಇನ್ನೊಮ್ಮೆ ಹೇಳಿದೆ.